ಉಳಿದ ಡೀಸೆಲ್ ಕಣ್ಣಿಗೆ ಕಾಣುವುದಿಲ್ಲ: ಮೈಲೇಜ್ ಸುಧಾರಣೆಯನ್ನು ದತ್ತಾಂಶದಿಂದ ತಾಳೆ ನೋಡುವ ಬಗೆ

ಎಲ್ಲರಿಗೂ ನಮಸ್ಕಾರ.

ಲಾರಿಗೆ ಹೊಸ ಟಯರ್ ಹಾಕಿಸಿದಿರಿ. ಕ್ಯಾಬಿನ್ ಮೇಲೆ ಗಾಳಿ ಸೀಳುವ ಡಿಫ್ಲೆಕ್ಟರ್ ಕೂರಿಸಿದಿರಿ. ಡ್ರೈವರುಗಳಿಗೆ ತರಬೇತಿ ಕೊಡಿಸಿದಿರಿ. ಇಲ್ಲವೇ ಡೀಸೆಲಿಗೆ ಬೆರೆಸುವ ದ್ರಾವಣವೊಂದನ್ನು ಡಬ್ಬಿಗಟ್ಟಲೆ ತರಿಸಿದಿರಿ. ಮಾರಿದವರು ನೂರಕ್ಕೆ ಐದು ಉಳಿಯುತ್ತದೆ ಎಂದಿದ್ದರು. ಮೂರು ತಿಂಗಳಾದ ಮೇಲೆ ಎಕ್ಸೆಲ್ ಶೀಟ್ ತೆರೆದರೆ ಮೈಲೇಜ್ 4.2ರಿಂದ 4.4ಕ್ಕೆ ಏರಿದೆ. ಹೆಚ್ಚುಕಡಿಮೆ ನೂರಕ್ಕೆ ಐದೇ. ಹಾಗಾದರೆ ಉಳಿದ ಗಾಡಿಗಳಿಗೂ ಆರ್ಡರ್ ಕೊಟ್ಟುಬಿಡಬಹುದೇ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ತೊಡಕಿನ ಬುಡ ಎಲ್ಲಿದೆ ಎಂದರೆ, ಉಳಿತಾಯವನ್ನು ಅಳೆಯುವ ಮೀಟರ್ ಯಾವ ಗಾಡಿಯಲ್ಲೂ ಇಲ್ಲ. ಸುಟ್ಟ ಡೀಸೆಲನ್ನು ಅಳೆಯಬಹುದು. ಸುಡದೆ ಉಳಿದದ್ದನ್ನು ಅಳೆಯುವುದು ಹೇಗೆ? ಅದಕ್ಕೆ ಇನ್ನೊಂದು ಸಂಖ್ಯೆ ಬೇಕು: ಈ ಬದಲಾವಣೆ ಮಾಡದೇ ಇದ್ದಿದ್ದರೆ ಇದೇ ದಾರಿಯಲ್ಲಿ, ಇದೇ ಲೋಡಿನಲ್ಲಿ, ಇದೇ ಹವೆಯಲ್ಲಿ ಎಷ್ಟು ಸುಡುತ್ತಿತ್ತು? ಆ ಸಂಖ್ಯೆ ಯಾವ ಬಿಲ್ಲಿನಲ್ಲೂ, ಯಾವ ಸರ್ವರಿನಲ್ಲೂ ದಾಖಲಾಗಿರುವುದಿಲ್ಲ. ನಾವೇ ಕಟ್ಟಬೇಕು. ಕಟ್ಟಡ ಮತ್ತು ಕಾರ್ಖಾನೆಗಳ ಇಂಧನ ಉಳಿತಾಯವನ್ನು ಲೆಕ್ಕ ಹಾಕುವವರು ಬಳಸುವ ಐಪಿಎಂವಿಪಿ ಎಂಬ ಅಂತರರಾಷ್ಟ್ರೀಯ ನಿಯಮಾವಳಿ ನಿಂತಿರುವುದೂ ಇದರ ಮೇಲೆಯೇ. ಹಿಂದಿನ ಬಳಕೆಯನ್ನು ಇಂದಿನ ಪರಿಸ್ಥಿತಿಗೆ ಹೊಂದಿಸಿ, ಅದರಿಂದ ಇಂದಿನ ಬಳಕೆಯನ್ನು ಕಳೆಯುತ್ತಾರೆ. ಪೈಥಾನ್, ಆರ್, ಪವರ್ ಬಿಐ, ಎಕ್ಸೆಲ್ ಎಲ್ಲವೂ ಈ ಒಂದು ಕಾಣದ ಸಂಖ್ಯೆಯನ್ನು ಪ್ರಾಮಾಣಿಕವಾಗಿ ಕಟ್ಟಿಕೊಡುವುದಕ್ಕೆ ಇರುವ ಸಲಕರಣೆಗಳು.

ಮೊದಲು ಅಳತೆಯ ಘಟಕ

ನಾವೆಲ್ಲ ಮಾತಾಡುವುದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಮಾತಿಗೆ ಅದು ಸರಿ, ಲೆಕ್ಕಕ್ಕೆ ಸಲ್ಲದು. ಒಂದು ಗಾಡಿ ಲೀಟರಿಗೆ 4, ಇನ್ನೊಂದು 6 ಕೊಡುತ್ತದೆ ಎಂದುಕೊಳ್ಳಿ. ಎರಡೂ ನೂರು ನೂರು ಕಿಲೋಮೀಟರ್ ಓಡಿದವು. ಸರಾಸರಿ 5 ಎಂದು ಶೀಟಿನ ಕೆಳಗೆ ಬರೆದಿರುತ್ತಾರೆ. ಆದರೆ ಸುಟ್ಟದ್ದು 25 ಮತ್ತು 16.7, ಒಟ್ಟು 41.7 ಲೀಟರ್, ಓಡಿದ್ದು 200 ಕಿಲೋಮೀಟರ್. ಭಾಗಿಸಿದರೆ 4.8. ಎಕ್ಸೆಲಿನ ಆವರೇಜ್ ಸೂತ್ರ ಇಲ್ಲಿಯೇ ನೂರಕ್ಕೆ ನಾಲ್ಕರಷ್ಟು ತಪ್ಪಿತು. ನಾವು ಹುಡುಕುತ್ತಿರುವ ಉಳಿತಾಯವೇ ಎರಡೋ ಮೂರೋ ಇರುವಾಗ ಈ ತಪ್ಪು ಸಣ್ಣದಲ್ಲ.

ಲಾಭದ ಅಂದಾಜೂ ಹಾಗೆಯೇ ಕೆಡುತ್ತದೆ. 3ರಿಂದ 4ಕ್ಕೆ ಏರಿದ ಗಾಡಿ ನೂರು ಕಿಲೋಮೀಟರಿಗೆ 8.3 ಲೀಟರ್ ಉಳಿಸುತ್ತದೆ. 7ರಿಂದ 8ಕ್ಕೆ ಏರಿದ್ದು ಉಳಿಸುವುದು 1.8 ಲೀಟರ್ ಮಾತ್ರ. ಎರಡರಲ್ಲೂ ಏರಿಕೆ ಒಂದೇ. ಈ ಭ್ರಮೆಯ ಬಗ್ಗೆ ಲ್ಯಾರಿಕ್ ಮತ್ತು ಸೋಲ್ ಎಂಬ ಇಬ್ಬರು ಸಂಶೋಧಕರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ಆದ್ದರಿಂದ ಒಳಗಿನ ಲೆಕ್ಕವೆಲ್ಲ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬುದರಲ್ಲೇ ಇರಲಿ. ಡ್ರೈವರುಗಳಿಗೆ, ಮಾಲೀಕರಿಗೆ ಹೇಳುವಾಗ ಕೊನೆಯಲ್ಲಿ ತಿರುಗಿಸಿಕೊಂಡರಾಯಿತು.

ಲೀಟರ್ ಎಂಬ ಸಂಖ್ಯೆ ಎಲ್ಲಿಂದ ಬರುತ್ತದೆ

ಮೂರು ಮೂಲಗಳಿವೆ. ಒಂದೊಂದಕ್ಕೂ ಒಂದೊಂದು ಕಾಯಿಲೆ.

ಟ್ಯಾಂಕ್ ಫುಲ್ ಮಾಡಿ ಮತ್ತೆ ಫುಲ್ ಮಾಡುವ ಹಳೆಯ ಪದ್ಧತಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. 400 ಲೀಟರಿನ ಟ್ಯಾಂಕಿನಲ್ಲಿ ‘ಫುಲ್’ ಎಂಬ ಗೆರೆ ಪ್ರತಿ ಸಲವೂ ನಾಲ್ಕು ಲೀಟರ್ ಆಚೀಚೆ ಆಗುತ್ತದೆ ಎಂದುಕೊಳ್ಳೋಣ. ಗಾಡಿ ನಿಂತ ನೆಲದ ಓರೆ, ನಳಿಕೆ ತಾನಾಗಿ ಕಟ್ ಆಗುವ ಕ್ಷಣ, ನೊರೆ, ಎಲ್ಲ ಸೇರಿ ಅಷ್ಟಾಗುತ್ತದೆ. ಆರಂಭದ ಫುಲ್ ಒಂದು, ಕೊನೆಯ ಫುಲ್ ಒಂದು. ಎರಡು ತಪ್ಪು ಸೇರಿದರೆ ಸುಮಾರು 5.7 ಲೀಟರ್. ನಡುವೆ ತುಂಬಿಸಿದ್ದು ಬರೀ 80 ಲೀಟರ್ ಆದರೆ ತಪ್ಪು ಶೇ. 7. ಅದೇ ಗಾಡಿಯ ಹತ್ತು ಸಲದ ಭರ್ತಿ ಸೇರಿಸಿ 3,000 ಲೀಟರ್ ತೆಗೆದುಕೊಂಡರೆ ನಡುವಿನ ತಪ್ಪುಗಳೆಲ್ಲ ಒಂದನ್ನೊಂದು ಹೊಡೆದುಹಾಕುತ್ತವೆ: ಒಂದು ಸಲ ಕಡಿಮೆ ಹಾಕಿದ್ದು ಮುಂದಿನ ಸಲದ ಹೆಚ್ಚಳದಲ್ಲಿ ಬಂದುಬಿಡುತ್ತದೆ. ಉಳಿಯುವುದು ಮೊದಲ ಮತ್ತು ಕೊನೆಯ ಭರ್ತಿಯ ತಪ್ಪು ಮಾತ್ರ, ಅಂದರೆ ಶೇ. 0.2. ಹಾಗಾಗಿ ಒಂದೊಂದು ಭರ್ತಿಯ ಮೈಲೇಜ್ ನೋಡಿ ಕುಣಿಯುವುದೂ ಬೇಡ, ಕುಗ್ಗುವುದೂ ಬೇಡ. ಹತ್ತು ಭರ್ತಿಗಳನ್ನು ಒಟ್ಟು ಮಾಡಿ ನೋಡಿ. ಆದರೆ ಇಂಧನದ ಉಷ್ಣತೆ ನೆನಪಿರಲಿ. ಡೀಸೆಲ್ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.083ರಷ್ಟು ಹಿಗ್ಗುತ್ತದೆ. ಇಪ್ಪತ್ತು ಡಿಗ್ರಿ ವ್ಯತ್ಯಾಸವಾದರೆ ಲೀಟರ್ ಲೆಕ್ಕದಲ್ಲಿ ಶೇ. 1.7 ತಪ್ಪುತ್ತದೆ. ನಿಖರ ಪರೀಕ್ಷೆಗಳಲ್ಲಿ ಡೀಸೆಲನ್ನು ಲೀಟರಿನಲ್ಲಿ ಅಳೆಯದೆ ತೂಕ ಹಾಕುವುದು ಇದಕ್ಕೇ.

ಎರಡನೆಯ ಮೂಲ ಗಾಡಿಯದೇ ಕಂಪ್ಯೂಟರ್. ಭಾರಿ ವಾಹನಗಳಲ್ಲಿ ಜೆ1939 ಎಂಬ ಸಂದೇಶ ಪದ್ಧತಿ ಇದೆ. ಅದರಲ್ಲಿ ಒಂದೊಂದು ಅಳತೆಗೂ ಎಸ್‌ಪಿಎನ್ ಎಂಬ ಗುರುತಿನ ಸಂಖ್ಯೆ ಇದೆ. ಆ ಕ್ಷಣದ ಇಂಧನ ದರ ಎಸ್‌ಪಿಎನ್ 183ರಲ್ಲಿ ಬರುತ್ತದೆ, ಒಟ್ಟು ಬಳಸಿದ ಇಂಧನ ಎಸ್‌ಪಿಎನ್ 250ರಲ್ಲಿ. ಈ ಒಟ್ಟು ಎಣಿಕೆ ಏರುವುದೇ ಅರ್ಧರ್ಧ ಲೀಟರಿನಂತೆ. ಹತ್ತು ಕಿಲೋಮೀಟರಿನ ಓಟದಲ್ಲಿ ಎರಡೂವರೆ ಲೀಟರ್ ಸುಟ್ಟಿದ್ದರೆ ಅರ್ಧ ಲೀಟರ್ ಎಂದರೆ ಶೇ. 20! ಸಣ್ಣ ಓಟಗಳನ್ನು ಹೋಲಿಸುವವರು ಎಸ್‌ಪಿಎನ್ 5054 ಸಿಗುತ್ತದೆಯೇ ನೋಡಬೇಕು; ಅದರ ಮೆಟ್ಟಿಲು ಒಂದು ಮಿಲಿಲೀಟರ್.

ಈ ಕಂಪ್ಯೂಟರ್ ಡೀಸೆಲನ್ನು ನಿಜವಾಗಿ ಅಳೆಯುವುದಿಲ್ಲ. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು, ಅದಕ್ಕೆ ಡೀಸೆಲ್ ಒದಗಿಸುವ ಕೊಳವೆಯಲ್ಲಿ ಒತ್ತಡ ಎಷ್ಟಿತ್ತು ಎಂಬುದರಿಂದ ಲೆಕ್ಕ ಹಾಕುತ್ತದೆ. ಆ ಲೆಕ್ಕ ಕೆಲವು ಶೇಕಡಾ ಆಚೀಚೆ ಇದ್ದರೂ ಒಂದೇ ಗಾಡಿಯಲ್ಲಿ ಯಾವಾಗಲೂ ಒಂದೇ ಕಡೆಗೆ ವಾಲಿರುತ್ತದೆ, ಹಾಗಾಗಿ ಮೊದಲು-ನಂತರದ ಹೋಲಿಕೆಗೆ ಒದಗುತ್ತದೆ. ಆದರೆ ನೀವು ಪರೀಕ್ಷಿಸುತ್ತಿರುವುದೇ ಹೊಸ ಇಂಜೆಕ್ಟರ್, ಹೊಸ ಎಂಜಿನ್ ಸಾಫ್ಟ್‌ವೇರ್ ಅಥವಾ ಬೇರೆ ಸಾಂದ್ರತೆಯ ಇಂಧನವಾದರೆ ಈ ಮಾತು ಪೂರ್ತಿ ತಲೆಕೆಳಗು. ಆಗ ಅಳೆಯುವ ಕೋಲನ್ನೇ ಬದಲಾಯಿಸಿದಂತಾಯಿತು. ಸಾಫ್ಟ್‌ವೇರ್ ಬದಲಿಸಿದವರು ಡ್ಯಾಶ್‌ಬೋರ್ಡಿನಲ್ಲಿ ಶೇ. 6 ಉಳಿತಾಯ ತೋರಿಸಿದರೆ, ಆ ಡ್ಯಾಶ್‌ಬೋರ್ಡೂ ಅದೇ ಸಾಫ್ಟ್‌ವೇರಿನದೇ ಎಂಬುದನ್ನು ಮರೆಯಬಾರದು. ಇಂಥ ಬದಲಾವಣೆಗಳಿಗೆ ಟ್ಯಾಂಕಿನ ಭರ್ತಿ ಅಥವಾ ತೂಕವೇ ತೀರ್ಪುಗಾರ.

ಪೆಟ್ರೋಲ್ ಕಾರುಗಳಲ್ಲಿ ಎಂಜಿನ್ ಮಾಹಿತಿ ಓದುವ ಓಬಿಡಿ ಅಡಾಪ್ಟರ್ ಚುಚ್ಚಿ ಮೊಬೈಲ್ ಆ್ಯಪಿನಲ್ಲಿ ನೋಡುವವರಿಗೂ ಒಂದು ಎಚ್ಚರಿಕೆ. ಅನೇಕ ಆ್ಯಪ್‌ಗಳು ಎಂಜಿನ್ ಒಳಗೆ ಹೋಗುವ ಗಾಳಿಯ ತೂಕವನ್ನು 14.7ರಿಂದ ಭಾಗಿಸಿ ಪೆಟ್ರೋಲ್ ಎಷ್ಟೆಂದು ಹೇಳುತ್ತವೆ. ಶೇ. 10 ಎಥನಾಲ್ ಬೆರೆತ ಪೆಟ್ರೋಲಿಗೆ ಆ ಅನುಪಾತ 14.1ರ ಆಸುಪಾಸಿನಲ್ಲಿರುತ್ತದೆ, ಅಲ್ಲೇ ನೂರಕ್ಕೆ ನಾಲ್ಕು ಕಡಿಮೆ ತೋರಿಸಿತು. ಇಳಿಜಾರಿನಲ್ಲಿ ಕಾಲು ತೆಗೆದಾಗ ಎಂಜಿನ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿರುತ್ತದೆ, ಗಾಳಿ ಮಾತ್ರ ಹರಿಯುತ್ತಿರುತ್ತದೆ. ಆ್ಯಪ್ ಅದಕ್ಕೂ ಪೆಟ್ರೋಲ್ ಲೆಕ್ಕ ಬರೆಯುತ್ತದೆ. ಡೀಸೆಲ್ ಎಂಜಿನಿನಲ್ಲಿ ಗಾಳಿ ಯಾವಾಗಲೂ ಹೆಚ್ಚೇ ಇರುವುದರಿಂದ ಈ ಭಾಗಾಕಾರಕ್ಕೆ ಅರ್ಥವೇ ಇಲ್ಲ.

ಮೂರನೆಯದು ಟ್ಯಾಂಕಿನೊಳಗೆ ಇಳಿಬಿಡುವ ಮಟ್ಟದ ಸೆನ್ಸರ್. ಡೀಸೆಲ್ ತುಳುಕುತ್ತದೆ, ಏರಿನಲ್ಲಿ ಹಿಂದಕ್ಕೆ ಸರಿಯುತ್ತದೆ. ಮೈಲೇಜ್ ಅಳೆಯಲು ಇದು ಒರಟು. ಭರ್ತಿ ಆದದ್ದು, ಕದ್ದು ತೆಗೆದದ್ದು ಹಿಡಿಯಲು ಒಳ್ಳೆಯದು. ಕಳವಿನ ಅನುಮಾನವನ್ನು ಇನ್ನೊಂದು ಬಗೆಯಲ್ಲೂ ತಾಳೆ ನೋಡಬಹುದು: ಬಿಲ್ಲಿನ ಲೀಟರ್ ಮತ್ತು ಎಂಜಿನ್ ಕಂಪ್ಯೂಟರಿನ ಲೀಟರ್ ಎರಡನ್ನೂ ಪಕ್ಕಪಕ್ಕ ಇಡಿ. ಯಾವುದೋ ಸಾಧನ ಹಾಕಿದ ಮೇಲೆ ಬಿಲ್ಲು ಶೇ. 5 ಇಳಿದು, ಕಂಪ್ಯೂಟರಿನ ಲೆಕ್ಕ ಇದ್ದಲ್ಲೇ ಇದ್ದರೆ, ಎಂಜಿನ್ ಸುಡುವುದು ಕಡಿಮೆಯಾಗಿಲ್ಲ. ಟ್ಯಾಂಕಿನಿಂದ ಆಚೆ ಹೋಗುತ್ತಿದ್ದದ್ದು ನಿಂತಿದೆ. ದುಡ್ಡು ಉಳಿದದ್ದು ನಿಜ, ಆದರೆ ಅದರ ಶ್ರೇಯ ಆ ಸಾಧನದ್ದಲ್ಲ.

ಕಿಲೋಮೀಟರನ್ನೂ ನಂಬುವ ಹಾಗಿಲ್ಲ

ಎಲ್ಲರೂ ಲೀಟರಿನ ಮೇಲೆ ಅನುಮಾನ ಪಡುತ್ತಾರೆ, ಕಿಲೋಮೀಟರಿನ ಮೇಲೆ ಯಾರೂ ಪಡುವುದಿಲ್ಲ. ಟಯರ್ ಬದಲಿಸುವ ಪರೀಕ್ಷೆಯನ್ನೇ ಹತ್ತಿರದಿಂದ ನೋಡೋಣ. ಗಾಡಿ ದೂರವನ್ನು ಎಣಿಸುವುದು ಚಕ್ರದ ಸುತ್ತುಗಳಿಂದ. ಹೊಸ ಟಯರಿನ ಹಲ್ಲು 16 ಮಿಲಿಮೀಟರ್, ಸವೆದದ್ದು 4 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅರ್ಧ ಮೀಟರಿನ ತ್ರಿಜ್ಯದಲ್ಲಿ 12 ಮಿಲಿಮೀಟರ್ ಎಂದರೆ ಶೇ. 2.4. ರೇಡಿಯಲ್ ಟಯರಿನೊಳಗಿನ ಉಕ್ಕಿನ ಪಟ್ಟಿ ಸವೆಯುವುದಿಲ್ಲವಾದ್ದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಕೊಂಚ ಕಡಿಮೆ ಇರುತ್ತದೆ, ಆದರೂ ಕಡೆಗಣಿಸುವಷ್ಟು ಸಣ್ಣದಲ್ಲ. ಸವೆದ ಟಯರ್ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತುತ್ತದೆ, ಮೀಟರಿನಲ್ಲಿ ಹೆಚ್ಚು ಕಿಲೋಮೀಟರ್ ಬೀಳುತ್ತದೆ, ಮೈಲೇಜ್ ಚೆನ್ನಾಗಿ ಕಾಣುತ್ತದೆ. ಹೊಸ ಟಯರ್ ಹಾಕಿದ ದಿನವೇ ಮೀಟರಿನ ಮೈಲೇಜ್ ಕುಸಿಯುತ್ತದೆ. ಸಾಲದ್ದಕ್ಕೆ, ಹಲ್ಲು ಸವೆದ ಟಯರಿನಲ್ಲಿ ಬಾಗಿ ಬಿಸಿಯಾಗುವ ರಬ್ಬರ್ ಕಡಿಮೆ ಇರುವುದರಿಂದ ಅದು ನಿಜವಾಗಿಯೂ ಹಗುರಾಗಿ ಉರುಳುತ್ತದೆ. ಸವೆದ ಸಾಮಾನ್ಯ ಟಯರಿಗೂ ಹೊಚ್ಚಹೊಸ ‘ಇಂಧನ ಉಳಿಸುವ’ ಟಯರಿಗೂ ಹೋಲಿಕೆ ಮಾಡಿದರೆ ಒಳ್ಳೆಯ ಟಯರೇ ಸೋತಂತೆ ಕಾಣಬಹುದು. ಹೋಲಿಸುವುದಾದರೆ ಎರಡೂ ಹೊಸದಿರಲಿ, ಇಲ್ಲ ಎರಡೂ ಒಂದೇ ಮಟ್ಟಕ್ಕೆ ಸವೆದಿರಲಿ.

ದೂರಕ್ಕೆ ಜಿಪಿಎಸ್ ಸಾಕ್ಷಿ ಕೇಳಬಹುದು. ಆದರೆ ಮೂವತ್ತು ಸೆಕೆಂಡಿಗೊಮ್ಮೆ ಬಿಂದು ಕಳಿಸುವ ಸಾಧನ ಘಾಟಿಯ ತಿರುವುಗಳನ್ನೆಲ್ಲ ನೇರ ಗೆರೆಯಲ್ಲಿ ದಾಟಿಬಿಡುತ್ತದೆ, ದೂರ ಕಡಿಮೆಯಾಗುತ್ತದೆ. ಗಾಡಿ ನಿಂತಾಗ ಬಿಂದು ಸುತ್ತಮುತ್ತ ಅಲೆದಾಡಿ ದೂರ ಹೆಚ್ಚಾಗುತ್ತದೆ. ಸೆಕೆಂಡಿಗೊಂದು ಬಿಂದು ಇರಲಿ. ಗಂಟೆಗೆ ಎರಡು ಕಿಲೋಮೀಟರಿಗಿಂತ ಕಡಿಮೆ ವೇಗವಿದ್ದಾಗ ದೂರ ಸೇರಿಸಬೇಡಿ.

ಕಸ ಗುಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗುವುದು ಇಲ್ಲಿಯೇ. ಒಂದು ಉದಾಹರಣೆ ಸಾಕು. ಜೆ1939ರಲ್ಲಿ ಇಂಧನ ದರ ಎರಡು ಬೈಟ್‌ಗಳಲ್ಲಿ ಬರುತ್ತದೆ. ಒಂದು ಅಂಕಿಗೆ ಗಂಟೆಗೆ 0.05 ಲೀಟರ್. ಸೆನ್ಸರಿನಿಂದ ಮಾಹಿತಿ ಇಲ್ಲ ಎಂದಾದರೆ ಎಲ್ಲ ಬಿಟ್‌ಗಳೂ ಒಂದಾಗಿರುತ್ತವೆ, ಅಂದರೆ 65,535. ಅದನ್ನು ತಿಳಿಯದೆ 0.05ರಿಂದ ಗುಣಿಸಿದರೆ ಗಂಟೆಗೆ 3,276.75 ಲೀಟರ್! ಇಂಥ ಒಂದೇ ಒಂದು ಸೆಕೆಂಡ್ ಓಟದ ಲೆಕ್ಕಕ್ಕೆ ಸುಮಾರು 0.9 ಲೀಟರ್ ಸೇರಿಸುತ್ತದೆ. ವೇಗದಲ್ಲೂ ಹೀಗೆಯೇ, ಗಂಟೆಗೆ 255.996 ಕಿಲೋಮೀಟರ್ ಎಂದು ಕಂಡರೆ ಅದು ಓಡಿದ್ದಲ್ಲ, ಮಾಹಿತಿ ಇಲ್ಲದ್ದು. ಸರಾಸರಿ ತೆಗೆಯುವ ಮೊದಲು ಅತಿ ದೊಡ್ಡ ಇಪ್ಪತ್ತು ಸಂಖ್ಯೆಗಳನ್ನು ಕಣ್ಣಾರೆ ನೋಡಿ. ಎಷ್ಟೋ ದೋಷಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಇಂಧನ ದರವನ್ನು ಸೆಕೆಂಡ್ ಸೆಕೆಂಡಿಗೆ ಕೂಡುವುದಕ್ಕಿಂತ ಒಟ್ಟು ಎಣಿಕೆಯ ಆರಂಭ ಮತ್ತು ಕೊನೆಯ ವ್ಯತ್ಯಾಸ ತೆಗೆಯುವುದು ವಾಸಿ. ನಡುವೆ ಸಿಗ್ನಲ್ ಹೋಗಿದ್ದರೂ ಎಣಿಕೆ ತಪ್ಪುವುದಿಲ್ಲ. ವ್ಯತ್ಯಾಸ ಋಣಾತ್ಮಕವಾಗಿ ಬಂದರೆ ಎಂಜಿನ್ ಕಂಪ್ಯೂಟರ್ ಬದಲಾಗಿದೆ ಎಂದೇ ತಿಳಿಯಿರಿ. ಆ ಗಾಡಿಯನ್ನು ಅಲ್ಲಿಗೆ ಎರಡು ತುಂಡಾಗಿ ನೋಡಿ. ಜಿಪಿಎಸ್ ಗಡಿಯಾರ ಮತ್ತು ಗಾಡಿಯ ಗಡಿಯಾರ ಬೇರೆ ಬೇರೆ ಇರುತ್ತವೆ. ಪೈಥಾನಿನ ಪಾಂಡಾಸ್‌ ಎಂಬ ಸಲಕರಣೆಯಲ್ಲಿ, ಹತ್ತಿರದ ಹೊತ್ತಿನ ಸಾಲುಗಳನ್ನು ಜೋಡಿಸುವ ಮರ್ಜ್-ಆ್ಯಸಾಫ್ ಬಳಸಿ, ಎರಡು ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಜೋಡಿಸಬೇಡಿ ಎಂದು ಮಿತಿ ಹಾಕಿ. ಯಾವ ಓಟಗಳನ್ನು ಏಕೆ ತೆಗೆದುಹಾಕಿದಿರಿ ಎಂಬ ಪಟ್ಟಿಯನ್ನು ಉಳಿಸಿಕೊಳ್ಳಿ. ತೆಗೆದುಹಾಕುವ ನಿಯಮ ಫಲಿತಾಂಶ ನೋಡುವ ಮುಂಚೆಯೇ ಬರೆದಿಟ್ಟದ್ದಾಗಿರಬೇಕು.

ಯಾವುದು ಎಷ್ಟು ತಿನ್ನುತ್ತದೆ

ಲೋಡು, ವೇಗ, ಹವೆ ಇಷ್ಟಿದ್ದರೆ ಎಷ್ಟು ಲೀಟರ್ ಸುಡಬೇಕು ಎಂದು ಹೇಳುವ ಸೂತ್ರವೇ ಮಾದರಿ. ಅದನ್ನು ಕಟ್ಟುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಹಾಕೋಣ. ಒಟ್ಟು ತೂಕ 25 ಟನ್ನಿನ ಲಾರಿ. ಉರುಳು ಪ್ರತಿರೋಧದ ಗುಣಾಂಕ 0.006 ಎಂದರೆ ಟಯರುಗಳು ಎಳೆದು ಹಿಡಿಯುವ ಬಲ ಸುಮಾರು 1,470 ನ್ಯೂಟನ್. ಗಾಳಿಯ ಪ್ರತಿರೋಧಕ್ಕೆ ಗುಣಾಂಕ 0.6, ಎದುರಿನ ವಿಸ್ತೀರ್ಣ 10 ಚದರ ಮೀಟರ್. ಗಂಟೆಗೆ 80 ಕಿಲೋಮೀಟರಿನಲ್ಲಿ ಸುಮಾರು 1,780 ನ್ಯೂಟನ್. ಎರಡೂ ಸೇರಿ 3,250. ಅದೇ ಲಾರಿ 70ರಲ್ಲಿ ಹೋದರೆ ಗಾಳಿಯ ಪಾಲು 1,360ಕ್ಕೆ ಇಳಿಯುತ್ತದೆ, ಒಟ್ಟು 2,830. ಬರೀ ಹತ್ತು ಕಿಲೋಮೀಟರ್ ವೇಗ ಇಳಿದದ್ದಕ್ಕೆ ಎಳೆತ ಶೇ. 13 ಕಡಿಮೆ! ಡಿಫ್ಲೆಕ್ಟರ್ ಹಾಕಿದ ತಿಂಗಳಲ್ಲೇ ರಸ್ತೆ ಕಾಮಗಾರಿ ನಡೆದು ಗಾಡಿಗಳು ನಿಧಾನ ಓಡಿದ್ದರೆ ಉಳಿತಾಯ ಯಾರದು?

ಲೋಡನ್ನು ನೋಡಿ. ಖಾಲಿ ಲಾರಿ 10 ಟನ್ ತೂಗಿದರೆ ಅದೇ ವೇಗದಲ್ಲಿ ಎಳೆತ ಸುಮಾರು 2,370 ನ್ಯೂಟನ್. ಡೀಸೆಲಿನ ಒಂದು ಲೀಟರಿನಲ್ಲಿ ಸುಮಾರು 36 ಮೆಗಾಜೂಲ್, ಎಂಜಿನ್ ದಕ್ಷತೆ ಶೇ. 40 ಎಂದುಕೊಂಡರೆ ಖಾಲಿಗೆ ನೂರು ಕಿಲೋಮೀಟರಿಗೆ 16.4 ಲೀಟರ್, 15 ಟನ್ ಹೇರಿದಾಗ 22.6. ಟನ್ನಿಗೆ 0.41 ಲೀಟರ್. ಏರು ಇಳಿತ, ನಿಂತು ಹೊರಡುವುದು ಸೇರಿದರೆ ಇನ್ನೂ ಹೆಚ್ಚು. ಮೊದಲ ಮೂರು ತಿಂಗಳು ಸರಾಸರಿ 12 ಟನ್, ಮುಂದಿನ ಮೂರು ತಿಂಗಳು 10 ಟನ್ ಹೇರಿದ್ದರೆ ಏನೂ ಮಾಡದೆ ಶೇ. 4ರ ಹತ್ತಿರ ‘ಸುಧಾರಣೆ’ ಬಂದುಬಿಟ್ಟಿತು. ಆರಂಭದಲ್ಲಿ ಹೇಳಿದ 4.2ರಿಂದ 4.4ರ ಏರಿಕೆಯ ಬಹುಪಾಲು ಇಲ್ಲೇ ಕರಗಿತು.

ಹವೆಯೂ ಸೇರಲಿ. ಸಮುದ್ರಮಟ್ಟದಲ್ಲಿ 15 ಡಿಗ್ರಿಯ ಗಾಳಿಯ ಸಾಂದ್ರತೆ ಘನಮೀಟರಿಗೆ 1.225 ಕಿಲೋಗ್ರಾಂ, 35 ಡಿಗ್ರಿಯಲ್ಲಿ 1.146. ಗಾಳಿಯ ಪ್ರತಿರೋಧ ಶೇ. 6.5 ಇಳಿಯಿತು, ಮೇಲಿನ ಲಾರಿಯಲ್ಲಿ ಗಾಳಿಯ ಪಾಲು ಅರ್ಧಕ್ಕಿಂತ ಹೆಚ್ಚಿರುವುದರಿಂದ ಒಟ್ಟು ಎಳೆತ ಶೇ. 3.5 ಕಡಿಮೆ. ಚಳಿಯಲ್ಲಿ ಮೊದಲ ಅಳತೆ, ಬೇಸಿಗೆಯಲ್ಲಿ ಎರಡನೆಯ ಅಳತೆ ಇಟ್ಟುಕೊಂಡು ಮಾರುವವರು ಗೆಲ್ಲುವುದು ಹೀಗೆ.

ಈಗ ಮಾದರಿ. ಒಂದೊಂದು ಓಟವೂ ಒಂದೊಂದು ಸಾಲು. ನೂರು ಕಿಲೋಮೀಟರಿನ ಲೀಟರಿನ ಲಾಗರಿದಮ್ ಒಂದು ಕಡೆ. ಇನ್ನೊಂದು ಕಡೆ ಲೋಡು, ವೇಗದ ವರ್ಗದ (ವೇಗವನ್ನು ವೇಗದಿಂದಲೇ ಗುಣಿಸಿದ್ದರ) ಸರಾಸರಿ, ಕಿಲೋಮೀಟರಿಗೆ ಎಷ್ಟು ಮೀಟರ್ ಹತ್ತಿದೆ, ಎಷ್ಟು ಸಲ ನಿಂತಿದೆ, ಹೊರಗಿನ ಉಷ್ಣತೆ, ಕೊನೆಗೆ ಸಾಧನ ಇತ್ತೇ ಇಲ್ಲವೇ ಎಂಬ 0 ಅಥವಾ 1. ಲಾಗರಿದಮ್ ಏಕೆಂದರೆ ಆ 0 ಅಥವಾ 1ಕ್ಕೆ ಸಿಗುವ ಗುಣಾಂಕವನ್ನು ಹೆಚ್ಚುಕಡಿಮೆ ನೇರವಾಗಿ ಶೇಕಡಾ ಎಂದು ಓದಬಹುದು. ಪೈಥಾನಿನ ಸ್ಟ್ಯಾಟ್ಸ್‌ಮಾಡೆಲ್ಸ್ ಅಥವಾ ಆರ್‌ನ ಎಲ್‌ಎಂಇ4 ಎಂಬ ಸಿದ್ಧ ಸಲಕರಣೆ, ಎರಡರಲ್ಲೂ ಹತ್ತು ಸಾಲಿನ ಕೆಲಸ.

ಇಲ್ಲಿ ಪಳಗಿದವರೂ ಜಾರುವ ಜಾಗ ಒಂದಿದೆ. ಪರೀಕ್ಷಿಸುತ್ತಿರುವುದು ಡಿಫ್ಲೆಕ್ಟರ್ ಆದರೆ ವೇಗವನ್ನು ಮಾದರಿಗೆ ಸೇರಿಸಲೇಬೇಕು. ಆದರೆ ಪರೀಕ್ಷಿಸುತ್ತಿರುವುದು ಡ್ರೈವರ್ ತರಬೇತಿಯೋ ವೇಗ ಮಿತಿಯೋ ಆದರೆ ವೇಗವನ್ನು ಸೇರಿಸಲೇಬಾರದು. ತರಬೇತಿ ಕೆಲಸ ಮಾಡುವುದೇ ವೇಗವನ್ನು ತಗ್ಗಿಸಿ, ಬ್ರೇಕ್ ತುಳಿಯುವುದನ್ನು ಕಡಿಮೆ ಮಾಡಿ. ಆ ಎರಡನ್ನೂ ‘ಹೊಂದಿಸಿ’ ಲೆಕ್ಕ ಹಾಕಿದರೆ ತರಬೇತಿಯ ಲಾಭವನ್ನೇ ಕಳೆದು, ತರಬೇತಿಯಿಂದ ಏನೂ ಆಗಲಿಲ್ಲ ಎಂದು ವರದಿ ಬರೆದಂತೆ. ಯಾವುದನ್ನು ಸೇರಿಸಬೇಕು ಎಂಬುದನ್ನು ಕಂಪ್ಯೂಟರ್ ಹೇಳುವುದಿಲ್ಲ. ಸಾಧನ ಯಾವ ದಾರಿಯಿಂದ ಇಂಧನ ಉಳಿಸುತ್ತದೆ ಎಂದು ಮೊದಲು ಯೋಚಿಸಬೇಕು.

ಜೋಡಿ ಗಾಡಿಗಳು

ಮಾದರಿ ಎಷ್ಟೇ ಚೆನ್ನಾಗಿದ್ದರೂ ನಮಗೆ ಗೊತ್ತಿಲ್ಲದ ಕಾರಣಗಳು ಉಳಿದೇ ಉಳಿಯುತ್ತವೆ: ಹೊಸ ಸರಬರಾಜಿನ ಡೀಸೆಲ್, ಗಾಳಿಯ ದಿಕ್ಕು, ದಾರಿಯ ಡಾಂಬರು. ಅವುಗಳಿಗೆ ಮದ್ದು ಎಂದರೆ ಏನನ್ನೂ ಬದಲಿಸದೆ ಬಿಟ್ಟ ಗಾಡಿ. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಜೆ1321 ಎಂಬ ಪರೀಕ್ಷಾ ವಿಧಾನ ಇದನ್ನೇ ಕಟ್ಟುನಿಟ್ಟಾಗಿ ಮಾಡುತ್ತದೆ. ಒಂದೇ ಬಗೆಯ ಎರಡು ಗಾಡಿ, ಒಂದೇ ದಾರಿ, ಒಂದೇ ಹೊತ್ತು. ಇಂಧನವನ್ನು ತೂಕ ಹಾಕಿ ಪರೀಕ್ಷೆಯ ಗಾಡಿ ಸುಟ್ಟದ್ದನ್ನು ಜೊತೆಗಾಡಿ ಸುಟ್ಟದ್ದರಿಂದ ಭಾಗಿಸುತ್ತಾರೆ. ಹಳೆಯ ಆವೃತ್ತಿಯಲ್ಲಿ ಇಂಥ ಮೂರು ಅನುಪಾತಗಳು ಶೇ. 2ರ ಒಳಗೆ ಒಂದಕ್ಕೊಂದು ಹೊಂದಬೇಕಿತ್ತು. 2012ರ ಪರಿಷ್ಕರಣೆ ಸಂಖ್ಯಾಶಾಸ್ತ್ರದ ವಿಶ್ವಾಸಾಂತರವನ್ನು, ಅಂದರೆ ನಿಜವಾದ ಫಲಿತಾಂಶ ಎಷ್ಟರಿಂದ ಎಷ್ಟರ ನಡುವೆ ಇರಬಹುದು ಎಂಬ ಅಂದಾಜನ್ನು ತಂದಿತು. ಮಳೆ ಬಂದರೆ ಎರಡಕ್ಕೂ ಬರುತ್ತದೆ, ಅನುಪಾತ ಅಲುಗುವುದಿಲ್ಲ. ಅದರ ಸೊಗಸೇ ಅದು.

ದಿನನಿತ್ಯದ ಓಡಾಟದಲ್ಲೂ ಇದೇ ಉಪಾಯ ನಡೆಯುತ್ತದೆ. ಸಾಧನ ಹಾಕಿದ ಗಾಡಿಗಳು ನೂರು ಕಿಲೋಮೀಟರಿಗೆ 32.0ರಿಂದ 30.4ಕ್ಕೆ ಇಳಿದವು, ಶೇ. 5. ಅದೇ ಅವಧಿಯಲ್ಲಿ ಹಾಕದ ಗಾಡಿಗಳು 31.5ರಿಂದ 30.4ಕ್ಕೆ ಇಳಿದವು, ಶೇ. 3.5. ಅಂದರೆ ಬಳಕೆ ಮೊದಲಿನ 0.950 ಪಾಲಿಗೆ ಮತ್ತು 0.965 ಪಾಲಿಗೆ ಬಂತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.984, ಸಾಧನಕ್ಕೆ ಸಲ್ಲುವುದು ಶೇ. 1.6. ಉಳಿದದ್ದು ಕಾಲದ ಕೊಡುಗೆ.

ಯಾವ ಗಾಡಿಗೆ ಸಾಧನ ಹಾಕಬೇಕು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಮೈಲೇಜ್ ಕೆಟ್ಟಿರುವ ಗಾಡಿಗಳಿಗೇ ಮೊದಲು ಹಾಕೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅದೇ ದೊಡ್ಡ ಬಲೆ. ತಿಂಗಳಿಂದ ತಿಂಗಳಿಗೆ ಗಾಡಿಗಳ ನಡುವೆ ಕಾಣುವ ಏರುಪೇರಿನಲ್ಲಿ ಅರ್ಧದಷ್ಟು ಬರೀ ಆಕಸ್ಮಿಕ ಎಂದುಕೊಂಡರೆ, ಈ ತಿಂಗಳು ಸರಾಸರಿಗಿಂತ ಶೇ. 10 ಕೆಳಗಿರುವ ಗುಂಪು ಮುಂದಿನ ತಿಂಗಳು ತಾನಾಗಿಯೇ ಶೇ. 5 ಮೇಲೆ ಬರುತ್ತದೆ. ಆ ಐದನ್ನು ದ್ರಾವಣದ ಡಬ್ಬಿ ತನ್ನದೆಂದು ಹೇಳಿಕೊಳ್ಳುತ್ತದೆ.

ಎಷ್ಟು ಓಟ ಬೇಕು? ಹೊಂದಾಣಿಕೆಯೆಲ್ಲ ಆದ ಮೇಲೂ ಓಟದಿಂದ ಓಟಕ್ಕೆ ಶೇ. 5ರ ಏರುಪೇರು ಉಳಿದು, ಹಿಡಿಯಬೇಕಾದದ್ದು ಶೇ. 2 ಆದರೆ: 5ನ್ನು 2ರಿಂದ ಭಾಗಿಸಿ, ವರ್ಗ ಮಾಡಿ, 16ರಿಂದ ಗುಣಿಸಿ. ಪ್ರತಿ ಗುಂಪಿಗೆ 100 ಓಟ. ಶೇ. 1 ಹಿಡಿಯಬೇಕಾದರೆ 400. ಇದು ನಿಜವಾದ ಲಾಭವನ್ನು ಹತ್ತರಲ್ಲಿ ಎಂಟು ಸಲ ಹಿಡಿಯುವ ಮಟ್ಟದ ಲೆಕ್ಕ. ಆದರೆ ನಾಲ್ಕೇ ಗಾಡಿಗಳ ನೂರು ಓಟ ನಿಜಕ್ಕೂ ನೂರು ಸಾಕ್ಷಿಗಳಲ್ಲ. ಒಂದು ಗಾಡಿಯ ಓಟಗಳೆಲ್ಲ ಒಂದೇ ಮನೆಯ ಮಾತಾಡುತ್ತವೆ. ಲೆಕ್ಕದಲ್ಲಿ ಗಾಡಿಯನ್ನು ಗುಂಪೆಂದು ಹೇಳಿ, ದೋಷದ ಅಂದಾಜನ್ನು ಗುಂಪಿನ ಪ್ರಕಾರ ತೆಗೆಯಲು ಆದೇಶ ಕೊಡಬೇಕು.

ಮಾದರಿಯನ್ನೇ ಒರೆಗೆ ಹಚ್ಚುವ ಒಂದು ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಸಾಧನವನ್ನು ಅದರ ನಿಜ ದಿನಾಂಕಕ್ಕಿಂತ ಒಂದು ತಿಂಗಳು ಮೊದಲೇ ಹಾಕಿದೆವು ಎಂದು ಸುಳ್ಳು ದಿನಾಂಕ ಕೊಟ್ಟು, ಹಳೆಯ ದತ್ತಾಂಶದ ಮೇಲಷ್ಟೇ ಓಡಿಸಿ. ಆಗಲೂ ಶೇ. 2 ಉಳಿತಾಯ ತೋರಿಸಿದರೆ ಆ ಮಾದರಿ ಗಾಳಿಯಲ್ಲಿ ಉಳಿತಾಯ ಕಾಣುತ್ತಿದೆ ಎಂದರ್ಥ. ಅದನ್ನು ರಿಪೇರಿ ಮಾಡದೆ ಮುಂದೆ ಹೋಗುವಂತಿಲ್ಲ.

ಕೂಡುತ್ತಾ ಹೋಗುವ ಗೆರೆ

ಕಣ್ಣಿಗೆ ಕಾಣುವಂತೆ ತೋರಿಸಬೇಕಾದರೆ ಕುಸಮ್ ನಕ್ಷೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಇ. ಎಸ್. ಪೇಜ್ 1954ರಲ್ಲಿ ಕೊಟ್ಟ ವಿಧಾನ, ಎಕ್ಸೆಲಿನಲ್ಲೇ ಆಗುತ್ತದೆ. ವಾರಕ್ಕೊಮ್ಮೆ ನಿಜವಾಗಿ ಸುಟ್ಟ ಲೀಟರಿನಿಂದ ಮಾದರಿ ನಿರೀಕ್ಷಿಸಿದ ಲೀಟರನ್ನು ಕಳೆಯಿರಿ, ಉಳಿದದ್ದನ್ನು ಹಿಂದಿನ ಮೊತ್ತಕ್ಕೆ ಕೂಡಿಸುತ್ತಾ ಹೋಗಿ. ಬದಲಾವಣೆಗೆ ಮುಂಚೆ ಗೆರೆ ಸೊನ್ನೆಯ ಸುತ್ತ ಅಡ್ಡಾಡುತ್ತಿರುತ್ತದೆ. ನಂತರ ವಾರಕ್ಕೆ 40 ಲೀಟರಿನಂತೆ ಒಂದೇ ಓರೆಯಲ್ಲಿ ಇಳಿಯತೊಡಗಿದರೆ, ನಿರೀಕ್ಷೆ ವಾರಕ್ಕೆ 1,840 ಲೀಟರ್ ಇರುವಲ್ಲಿ ಅದು ಶೇ. 2.2.

ಗೆರೆಯ ಆಕಾರವನ್ನೇ ಓದಬೇಕು. ಐದಾರು ವಾರ ಚೆನ್ನಾಗಿ ಇಳಿದು ಆಮೇಲೆ ಮಟ್ಟಸವಾದರೆ, ಗಮನಿಸುತ್ತಿದ್ದಾರೆ ಎಂಬ ಕಾರಣಕ್ಕೆ ಡ್ರೈವರುಗಳು ಕೆಲಕಾಲ ಹಗುರಾಗಿ ಓಡಿಸಿ, ಮತ್ತೆ ಹಳೆಯ ರೂಢಿಗೆ ಮರಳಿದ್ದಾರೆ. ಸಾಧನ ಕೂರಿಸುವ ಮೂರು ವಾರ ಮೊದಲೇ ಗೆರೆ ಇಳಿಯತೊಡಗಿದ್ದರೆ ಕಾರಣ ಬೇರೆ ಇದೆ. ಆ ವಾರದ ಸರ್ವಿಸ್ ದಾಖಲೆ ತೆರೆದು ನೋಡಿ. ಒಂದೇ ವಾರ ಮೆಟ್ಟಿಲಿನಂತೆ ಕುಸಿದು ಮತ್ತೆ ಅಡ್ಡವಾದರೆ ಯಾವುದೋ ಒಂದು ಭರ್ತಿ ದಾಖಲಾಗಿಲ್ಲ. ತಿಂಗಳ ಸರಾಸರಿಯ ಕಂಬಗಳಲ್ಲಿ ಇದು ಯಾವುದೂ ಕಾಣುವುದಿಲ್ಲ.

ಪರೀಕ್ಷೆ ಯಾವಾಗ ಮುಗಿಯಬೇಕೆಂದು ಮೊದಲೇ ಬರೆದಿಡಿ. ಪ್ರತಿ ಸೋಮವಾರ ಇಣುಕಿ, ಫಲಿತಾಂಶ ಚೆನ್ನಾಗಿ ಕಂಡ ಸೋಮವಾರವೇ ನಿಲ್ಲಿಸಿದರೆ ಯಾವ ಸಾಧನವೂ ಪಾಸಾಗುತ್ತದೆ. ವರದಿಯಲ್ಲಿ ಒಂದೇ ಸಂಖ್ಯೆ ಬರೆಯಬೇಡಿ. ‘ಶೇ. 2.1, ಆಚೀಚೆ 1.4’ ಎಂದರೆ ಲಾಭ 0.7ರಿಂದ 3.5ರ ನಡುವೆ ಎಲ್ಲೋ ಇದೆ. ಹೂಡಿದ ಹಣ 0.7ರಲ್ಲೂ ವಾಪಸು ಬರುತ್ತದೆಯೇ ಎಂದು ನೋಡಿ ತೀರ್ಮಾನಿಸಬಹುದು. ಅಂತರ ಸೊನ್ನೆಯನ್ನು ಮುಟ್ಟಿದರೆ ಸಾಧನ ಕೆಲಸಕ್ಕೆ ಬಾರದ್ದು ಎಂದು ಅರ್ಥವಲ್ಲ, ಇಷ್ಟು ದತ್ತಾಂಶದಿಂದ ಸಾಬೀತಾಗಿಲ್ಲ ಎಂದಷ್ಟೇ ಅರ್ಥ.

ಸಭೆಯಿಂದ ಬಂದ ಒಂದು ಪ್ರಶ್ನೆ

‘ನಮ್ಮಲ್ಲಿ ಇರುವುದೇ ಮೂರು ಗಾಡಿ. ಜೊತೆಗಾಡಿಗಳ ಗುಂಪು ಎಲ್ಲಿಂದ ತರುವುದು?’ ಎಂದು ಒಬ್ಬರು ಕೇಳಿದರು. ಪ್ರಶ್ನೆ ಸರಿಯಾಗಿದೆ. ಬಿಚ್ಚಿ ಹಾಕಲು ಬರುವ ಸಾಧನವಾದರೆ ಅದೇ ಗಾಡಿಯನ್ನೇ ಅದಕ್ಕೆ ಜೊತೆ ಮಾಡಿ. ಎರಡು ವಾರ ಸಾಧನ ಇಟ್ಟು, ಎರಡು ವಾರ ತೆಗೆದು, ಹೀಗೆ ಕನಿಷ್ಠ ನಾಲ್ಕು ಸುತ್ತು. ಮೂರು ಗಾಡಿಗಳೂ ಒಂದೇ ವಾರದಲ್ಲಿ ಬದಲಾಗದಂತೆ ಸರದಿ ಹಾಕಿ; ಆಗ ಹವೆ, ಡೀಸೆಲ್ ಎರಡೂ ಬದಿಗೆ ಸಮವಾಗಿ ಹಂಚಿಹೋಗುತ್ತವೆ. ಪ್ರತಿ ಎರಡು ವಾರದ ಮೊದಲ ಮತ್ತು ಕೊನೆಯ ಭರ್ತಿ ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ, ಗಾಡಿ ಒಂದೇ ಗುರುತಿನ ಮೇಲೆ ನಿಂತು, ನಳಿಕೆ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಲಿ. ಟಯರಿನ ಗಾಳಿ ವಾರಕ್ಕೊಮ್ಮೆ, ಟಯರ್ ತಣ್ಣಗಿರುವಾಗ ನೋಡಿ. ಪ್ರತಿ ಓಟದ ಲೋಡನ್ನು ತೂಕದ ಚೀಟಿಯಿಂದ ಬರೆದುಕೊಳ್ಳಿ. ಸಾಧ್ಯವಾದರೆ ಸಾಧನ ಯಾವ ವಾರ ಇದೆ ಎಂಬುದು ಡ್ರೈವರಿಗೆ ತಿಳಿಯದಿರಲಿ.

ಡೀಸೆಲಿಗೆ ಬೆರೆಸುವ ದ್ರಾವಣಕ್ಕೆ ಈ ಸರದಿ ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ, ಏಕೆಂದರೆ ಟ್ಯಾಂಕಿನ ತಳದಲ್ಲಿ ಹಿಂದಿನದು ಉಳಿದಿರುತ್ತದೆ. ಅಂಥಲ್ಲಿ ಪ್ರತಿ ಸರದಿಯ ಮೊದಲ ಎರಡು ಭರ್ತಿಗಳನ್ನು ಲೆಕ್ಕದಿಂದ ಬಿಟ್ಟು, ಮೂರನೆಯ ಭರ್ತಿಯಿಂದ ಎಣಿಸಿ. ಸರದಿಯನ್ನು ಎರಡು ವಾರದ ಬದಲು ನಾಲ್ಕು ವಾರಕ್ಕೆ ಹಿಗ್ಗಿಸಬೇಕಾಗುತ್ತದೆ.